ನ್ಯೂಯಾರ್ಕಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ: ಒಂದು ದಿನದಲ್ಲಿ ಏನು ನೋಡಬೇಕು, ಏನು ಬಿಡಬೇಕು

ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ಮಕ್ಕಳಿಗೆ ರಜೆ ಇದೆ ಎಂದರೆ ನ್ಯೂಜೆರ್ಸಿ, ಕನೆಕ್ಟಿಕಟ್ ಕಡೆಯ ಕನ್ನಡದ ಮನೆಗಳಲ್ಲಿ ಮೊದಲು ಏಳುವ ಮಾತು ‘ಡೈನೋಸಾರ್ ಮ್ಯೂಸಿಯಂ’. ಹೋಗಬೇಕು, ಸಂದೇಹವಿಲ್ಲ. ಆದರೆ ಹೋದವರಲ್ಲಿ ಅನೇಕರು ಮಧ್ಯಾಹ್ನ ಎರಡರ ಹೊತ್ತಿಗೇ ಕಾಲುನೋವು, ಹಸಿದ ಮಕ್ಕಳು, ಮೊಬೈಲಿನ ತುಂಬ ಯಾವುದು ಯಾವ ಪ್ರಾಣಿಯದೆಂದು ತಿಳಿಯದ ಮೂಳೆಗಳ ಫೋಟೋ, ಇಷ್ಟನ್ನು ಹೊತ್ತುಕೊಂಡು ಹೊರಬೀಳುತ್ತಾರೆ. ಕೊಟ್ಟ ದುಡ್ಡಿಗೆ ಎಲ್ಲವನ್ನೂ ನೋಡಿಯೇ ತೀರಬೇಕೆಂಬ ಹಟವೇ ಇದಕ್ಕೆಲ್ಲ ಮೂಲ.

ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿ ಸ್ಥಾಪನೆಯಾದದ್ದು 1869ರಲ್ಲಿ. ಅಂದಿನಿಂದ ಒಂದರ ಪಕ್ಕಕ್ಕೆ ಒಂದು ಕಟ್ಟುತ್ತಾ, ನಡುವೆ ಗೋಡೆ ಒಡೆದು ಬಾಗಿಲು ಮಾಡುತ್ತಾ ಬಂದಿರುವುದರಿಂದ ಇದು ಒಂದು ಕಟ್ಟಡವಲ್ಲ, ಕಟ್ಟಡಗಳ ಗುಂಪು. ನಲವತ್ತಕ್ಕೂ ಹೆಚ್ಚು ಸಭಾಂಗಣಗಳಿವೆ. ಒಂದೊಂದಕ್ಕೆ ಬರೀ ಹತ್ತು ನಿಮಿಷ ಕೊಟ್ಟರೂ ಏಳು ಗಂಟೆ ಆಯಿತು. ಬಾಗಿಲು ತೆರೆದಿರುವುದೇ ಬೆಳಿಗ್ಗೆ 10ರಿಂದ ಸಂಜೆ 5:30ರವರೆಗೆ. ಹಾಗಾಗಿ ನನ್ನ ಸಲಹೆ: ಐದಾರು ಕಡೆ ನಿಂತು ನೋಡಿ, ಉಳಿದದ್ದನ್ನು ನಾಚಿಕೆಯಿಲ್ಲದೆ ಬಿಡಿ. ಯಾವ ಐದಾರು, ಯಾವ ಕ್ರಮದಲ್ಲಿ ಎಂಬುದಕ್ಕೆ ಈ ಲೇಖನ.

ಮೊದಲು ಟಿಕೆಟ್

ಟಿಕೆಟ್ಟಿಗೆ ಪ್ರವೇಶದ ಸಮಯ ಗೊತ್ತುಮಾಡಿರುತ್ತಾರೆ. ಮನೆಯಿಂದಲೇ ಮ್ಯೂಸಿಯಂನ ವೆಬ್‌ಸೈಟಿನಲ್ಲಿ ಬೆಳಗಿನ ಮೊದಲ ಸಮಯಕ್ಕೆ ಕಾಯ್ದಿರಿಸಿಬಿಡಿ. ಹೊರಗಿನಿಂದ ಬಂದ ವಯಸ್ಕರಿಗೆ 30 ಡಾಲರ್ ಆಸುಪಾಸು. ಹಿರಿಯರಿಗೂ ಮಕ್ಕಳಿಗೂ ಅದಕ್ಕಿಂತ ಕಡಿಮೆ. ನ್ಯೂಯಾರ್ಕ್ ರಾಜ್ಯದ ನಿವಾಸಿಗಳಾದರೆ ನಿಮಗೆ ತೋಚಿದಷ್ಟು ಕೊಟ್ಟು ಒಳಗೆ ಹೋಗಬಹುದು, ವಿಳಾಸದ ಗುರುತಿನ ಚೀಟಿ ಕೈಯಲ್ಲಿರಬೇಕು. ಇಲ್ಲೇ ನ್ಯೂಜೆರ್ಸಿಯವರು ಎಡವುವುದು. ನದಿಯಾಚೆ ಇದ್ದರೂ ನಾವೂ ನ್ಯೂಯಾರ್ಕಿನವರೇ ಎಂಬ ಭಾವನೆ ಕೌಂಟರಿನಲ್ಲಿ ನಡೆಯುವುದಿಲ್ಲ. ನ್ಯೂಜೆರ್ಸಿ ಮತ್ತು ಕನೆಕ್ಟಿಕಟ್‌ನಲ್ಲಿ ಓದುವ ವಿದ್ಯಾರ್ಥಿಗಳಿಗೆ ಮಾತ್ರ ಆ ಸೌಲಭ್ಯ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳಿದ್ದರೆ ಕಾಲೇಜಿನ ಕಾರ್ಡನ್ನು ಮರೆಯದೆ ತರಲು ಹೇಳಿ.

ಟಿಕೆಟ್ ಕೊಳ್ಳುವಾಗ ತಾರಾಲಯ, ಚಿಟ್ಟೆಗಳ ಕೋಣೆ, ದೊಡ್ಡ ಪರದೆಯ ಚಿತ್ರ, ಆ ಕಾಲದ ವಿಶೇಷ ಪ್ರದರ್ಶನ ಎಂದು ಹೆಚ್ಚಿನ ಹಣದ ಆಯ್ಕೆಗಳು ಎದುರಾಗುತ್ತವೆ. ಮೊದಲ ಭೇಟಿಗೆ ಒಂದೂ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಪ್ರತಿಯೊಂದಕ್ಕೂ ಬೇರೆ ಸಮಯ ಗೊತ್ತಾಗಿರುತ್ತದೆ. ಆ ಸಮಯಕ್ಕೆ ಸರಿಯಾಗಿ ಕಟ್ಟಡದ ಇನ್ನೊಂದು ತುದಿಗೆ ಓಡುವುದರಲ್ಲೇ ದಿನ ಹರಿದು ಹಂಚಿಹೋಗುತ್ತದೆ. ಮಕ್ಕಳು ಹಟ ಹಿಡಿದರೆ ಚಿಟ್ಟೆ ಒಂದಕ್ಕೆ ಒಪ್ಪಿಕೊಳ್ಳಿ.

ದಿನದ ಆಯ್ಕೆಯೂ ಮುಖ್ಯ. ಮಳೆ ಬಿದ್ದ ಶನಿವಾರ, ಕ್ರಿಸ್‌ಮಸ್‌ನಿಂದ ಹೊಸವರ್ಷದವರೆಗಿನ ವಾರ, ಶಾಲೆಗಳ ವಸಂತ ರಜೆ, ಈ ಮೂರೂ ಬೇಡ. ವಾರದ ದಿನಗಳಲ್ಲಿ ಬೆಳಿಗ್ಗೆ ಶಾಲೆಯ ಬಸ್ಸುಗಳು ಬರುತ್ತವೆ, ಮಧ್ಯಾಹ್ನದ ನಂತರ ಹೊರಡುತ್ತವೆ. ಥ್ಯಾಂಕ್ಸ್‌ಗಿವಿಂಗ್ ಮತ್ತು ಕ್ರಿಸ್‌ಮಸ್ ದಿನ ಬಾಗಿಲು ಮುಚ್ಚಿರುತ್ತದೆ.

ಹೋಗುವ ದಾರಿ

ಮ್ಯೂಸಿಯಂ ಇರುವುದು ಮ್ಯಾನ್‌ಹ್ಯಾಟನ್ನಿನಲ್ಲಿ, ಸೆಂಟ್ರಲ್ ಪಾರ್ಕ್‌ನ ಪಶ್ಚಿಮ ಅಂಚಿಗೆ, 77ರಿಂದ 81ನೇ ಬೀದಿಗಳ ನಡುವೆ. ಸುರಂಗ ರೈಲಿನ 81ನೇ ಬೀದಿಯ ನಿಲ್ದಾಣದ ಹೆಸರಿನಲ್ಲೇ ಮ್ಯೂಸಿಯಂ ಇದೆ. ನ್ಯೂಜೆರ್ಸಿಯಿಂದ ಪೆನ್ ಸ್ಟೇಷನ್ನಿಗೆ ಬಂದವರು ಅಲ್ಲಿಂದಲೇ ಮೇಲುಭಾಗಕ್ಕೆ (ಅಪ್‌ಟೌನ್) ಹೋಗುವ ಸಿ ರೈಲು ಹಿಡಿಯಬೇಕು. ನ್ಯೂಜೆರ್ಸಿಯಿಂದ ಬರುವ ಪಾತ್ ರೈಲಿನಲ್ಲಿ 33ನೇ ಬೀದಿಗೆ ಬಂದವರಿಗೆ ಪಕ್ಕದಲ್ಲೇ ಬಿ ರೈಲು ಸಿಗುತ್ತದೆ, ಆದರೆ ವಾರದ ದಿನಗಳಲ್ಲಿ ಮಾತ್ರ. ಶನಿವಾರ, ಭಾನುವಾರ ಅದು ಓಡುವುದಿಲ್ಲ.

ಒಂದು ಎಚ್ಚರಿಕೆ. ಸಿ ಬರುವ ಪ್ಲಾಟ್‌ಫಾರಂಗೇ ಎ ಕೂಡ ಬರುವ ನಿಲ್ದಾಣಗಳಿವೆ. ಎರಡೂ ಒಂದೇ ಕಡೆಗೆ ಹೋಗುತ್ತವಲ್ಲ ಎಂದು ಎ ಹತ್ತಿದರೆ ಕೆಟ್ಟಿರಿ. ಅದು ಹಗಲಿನಲ್ಲಿ ಎಕ್ಸ್‌ಪ್ರೆಸ್. 59ನೇ ಬೀದಿ ಬಿಟ್ಟರೆ 125ರಲ್ಲೇ ನಿಲ್ಲುವುದು. ಡಿ ರೈಲಿನದೂ ಇದೇ ಕಥೆ. ಮ್ಯೂಸಿಯಂ ನಿಲ್ದಾಣ ಕಿಟಕಿಯಾಚೆ ಸರ್ರನೆ ಹಿಂದೆ ಹೋಗುವುದನ್ನು ನೋಡುತ್ತಾ ಹಾರ್ಲೆಮ್‌ವರೆಗೆ ಹೋಗಿ, ಮತ್ತೆ ತಿರುಗಿ ಬರಬೇಕಾಗುತ್ತದೆ.

81ರಲ್ಲಿ ಇಳಿದರೆ ನಿಲ್ದಾಣದೊಳಗಿನಿಂದಲೇ ಮ್ಯೂಸಿಯಂನ ನೆಲಮಾಳಿಗೆಗೆ ಬಾಗಿಲಿದೆ. ಮಳೆ, ಹಿಮದ ದಿನ ಇದು ವರ. ಮುಚ್ಚಿದ್ದರೆ ಮೇಲೆ ಹತ್ತಿ ರಸ್ತೆಗೆ ಬನ್ನಿ. ಹಿರಿಯರಿಗೆ ಮಂಡಿನೋವಿದ್ದರೆ ಸುರಂಗ ರೈಲಿನ ಮೆಟ್ಟಿಲುಗಳ ಗೊಡವೆಯೇ ಬೇಡ: ಕೊಲಂಬಸ್ ಸರ್ಕಲ್‌ನಿಂದ ಪಾರ್ಕಿನ ಅಂಚಿನಲ್ಲೇ ಬರುವ ಎಂ10 ಬಸ್ಸು, ಪೂರ್ವಭಾಗದಿಂದ ಪಾರ್ಕ್ ದಾಟಿ ಬರುವ ಎಂ79 ಬಸ್ಸು ಎರಡೂ ಹತ್ತಿರದಲ್ಲೇ ನಿಲ್ಲುತ್ತವೆ. ಗಾಲಿಕುರ್ಚಿ ಮ್ಯೂಸಿಯಂನಲ್ಲಿ ಉಚಿತವಾಗಿ ಸಿಗುತ್ತದೆ, ಮೊದಲು ಕೇಳಿದವರಿಗೆ ಮೊದಲು. ‘ನನಗೇನಾಗಿದೆ, ನಡೆಯುತ್ತೇನೆ’ ಎಂದು ಅಪ್ಪ ಹೇಳಿಯೇ ಹೇಳುತ್ತಾರೆ. ಆದರೂ ತೆಗೆದುಕೊಳ್ಳಿ. ಮೂರನೇ ಸಭಾಂಗಣದ ಹೊತ್ತಿಗೆ ಯಾರೂ ಒತ್ತಾಯ ಮಾಡಬೇಕಾಗುವುದಿಲ್ಲ.

ಹೊರಡುವ ಮುನ್ನ ಮ್ಯೂಸಿಯಂನ ‘ಎಕ್ಸ್‌ಪ್ಲೋರರ್’ ಎಂಬ ಉಚಿತ ಆ್ಯಪ್ ಮೊಬೈಲಿಗೆ ಹಾಕಿಕೊಳ್ಳಿ. ಇದು ಅಲಂಕಾರಕ್ಕಲ್ಲ. ಕಟ್ಟಡಗಳನ್ನು ಬೇರೆ ಬೇರೆ ಕಾಲದಲ್ಲಿ ಜೋಡಿಸಿರುವುದರಿಂದ ಒಂದೇ ಮಹಡಿಯಲ್ಲಿರುವ ಎರಡು ಸಭಾಂಗಣಗಳ ನಡುವೆ ದಾರಿಯೇ ಇಲ್ಲದೆ, ಕೆಳಗಿಳಿದು ಮತ್ತೆ ಹತ್ತಬೇಕಾದ ಸಂದರ್ಭಗಳಿವೆ. ನೀವಿರುವ ಜಾಗದಿಂದ ಶೌಚಾಲಯ ಎಲ್ಲಿ ಎಂದು ತೋರಿಸುವುದಕ್ಕಾದರೂ ಆ್ಯಪ್ ಬೇಕು. ಮಹಡಿಗಳ ಎಣಿಕೆಯೂ ನಮ್ಮ ಹಾಗಲ್ಲ: ಸೆಂಟ್ರಲ್ ಪಾರ್ಕ್ ಕಡೆಯ ದೊಡ್ಡ ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟರೆ ನೀವು ನಿಂತಿರುವುದು ಎರಡನೇ ಮಹಡಿಯಲ್ಲಿ.

ಹತ್ತು ಗಂಟೆಗೆ ನೇರವಾಗಿ ನಾಲ್ಕನೇ ಮಹಡಿಗೆ

ಆ ಮೆಟ್ಟಿಲು ಹತ್ತಿದ ಕೂಡಲೇ ಸಿಗುವ ರೂಸ್‌ವೆಲ್ಟ್ ರೊಟುಂಡಾ ಎಂಬ ಪ್ರವೇಶಾಂಗಣದಲ್ಲಿ ಉದ್ದ ಕತ್ತಿನ ಬರೋಸಾರಸ್ ಹಿಂಗಾಲುಗಳ ಮೇಲೆ ಎದ್ದು ನಿಂತು, ಮಾಂಸಾಹಾರಿ ಅಲೋಸಾರಸ್ ದಾಳಿಯಿಂದ ಮರಿಯನ್ನು ಕಾಪಾಡುತ್ತಿದೆ. ಎಲ್ಲರೂ ಫೋಟೋ ತೆಗೆಯುವ ಜಾಗ. ನೀವೂ ಒಂದು ತೆಗೆದುಕೊಂಡು ಮುಂದೆ ನಡೆಯಿರಿ. ಇವು ನಿಜವಾದ ಮೂಳೆಗಳಲ್ಲ, ಅಚ್ಚು. ಅಷ್ಟು ಭಾರದ ಕಲ್ಲಾದ ಮೂಳೆಗಳನ್ನು ಆ ಭಂಗಿಯಲ್ಲಿ ನಿಲ್ಲಿಸಲಾಗದು.

ಲಿಫ್ಟ್ ಹಿಡಿದು ನಾಲ್ಕನೇ ಮಹಡಿಗೆ ಹೋಗಿ. ಹನ್ನೊಂದರ ನಂತರ ಈ ಮಹಡಿ ಜಾತ್ರೆಯಾಗುತ್ತದೆ, ಮೊದಲ ಒಂದು ಗಂಟೆ ನಿಮ್ಮದು. ಪಟಗೊಟೈಟನ್ ಎಂಬ ಭಾರೀ ಸಸ್ಯಾಹಾರಿಯ 37 ಮೀಟರ್ ಉದ್ದದ ಅಚ್ಚನ್ನು 2016ರಲ್ಲಿ ಇಲ್ಲಿ ನಿಲ್ಲಿಸಿದರು. ಅದು ಕೋಣೆಯೊಳಗೆ ಹಿಡಿಸಲಿಲ್ಲ. ಆದ್ದರಿಂದ ಕತ್ತನ್ನೂ ತಲೆಯನ್ನೂ ಬಾಗಿಲಿನಿಂದಾಚೆ ಲಿಫ್ಟಿನ ಕಡೆಗೆ ಚಾಚಿ ಬಿಟ್ಟಿದ್ದಾರೆ. ಮಕ್ಕಳನ್ನು ಬಾಲದ ತುದಿಯಿಂದ ತಲೆಯವರೆಗೆ ಹೆಜ್ಜೆ ಎಣಿಸುತ್ತಾ ನಡೆಸಿ.

ಮುಂದೆ ಟಿರಾನೊಸಾರಸ್ ರೆಕ್ಸ್. ಇದರಲ್ಲಿ ಬಹುಪಾಲು ಅಸಲಿ. ಪಳೆಯುಳಿಕೆ ಶೋಧಕ ಬಾರ್ನಮ್ ಬ್ರೌನ್ 1908ರಲ್ಲಿ ಮೊಂಟಾನಾದಲ್ಲಿ ಅಗೆದು ತೆಗೆದದ್ದು. 1915ರಲ್ಲಿ ಮೊದಲು ನಿಲ್ಲಿಸಿದಾಗ ಕಾಂಗರೂವಿನಂತೆ ಎದೆಯೆತ್ತಿ, ಬಾಲವನ್ನು ನೆಲಕ್ಕೆ ಊರಿತ್ತು. ಹಳೆಯ ಆಟಿಕೆಗಳಲ್ಲೂ ಚಿತ್ರಗಳಲ್ಲೂ ಕಾಣುವ ಭಂಗಿಗೆ ಇದೇ ಮೂಲ. ವಿಜ್ಞಾನಿಗಳ ತಿಳಿವಳಿಕೆ ಬದಲಾದ ಮೇಲೆ 1990ರ ದಶಕದಲ್ಲಿ ಇಡೀ ಅಸ್ಥಿಪಂಜರವನ್ನು ಬಿಚ್ಚಿ, ಬೆನ್ನು ನೆಲಕ್ಕೆ ಸಮಾನಾಂತರವಾಗಿ, ಬಾಲ ಮೇಲಕ್ಕೆದ್ದು ಬೇಟೆಯ ಹಿಂದೆ ಸಾಗುವ ಭಂಗಿಯಲ್ಲಿ ಮತ್ತೆ ಜೋಡಿಸಿದರು. ಮೇಲಿರುವ ತಲೆಬುರುಡೆ ಅಚ್ಚು. ಅಸಲಿ ಬುರುಡೆ ಎತ್ತರದಲ್ಲಿ ಕೂರಿಸಲಾಗದಷ್ಟು ಭಾರ, ಹಾಗಾಗಿ ಹತ್ತಿರದಲ್ಲೇ ಗಾಜಿನ ಪೆಟ್ಟಿಗೆಯಲ್ಲಿದೆ. ಜನ ದೊಡ್ಡದರ ಮುಂದೆ ನೆರೆದಿರುತ್ತಾರೆ, ಪೆಟ್ಟಿಗೆಯ ಹತ್ತಿರ ಯಾರೂ ಇರುವುದಿಲ್ಲ. ನೀವು ಅಲ್ಲಿಗೆ ಹೋಗಿ ಹಲ್ಲುಗಳನ್ನು ಕಣ್ಣಳತೆಯಲ್ಲಿ ನೋಡಿ.

ಈ ಮಹಡಿಯನ್ನು ಕಾಲಾನುಕ್ರಮದಲ್ಲಿ ಜೋಡಿಸಿಲ್ಲ, ವಂಶವೃಕ್ಷದಂತೆ ಜೋಡಿಸಿದ್ದಾರೆ. ನೆಲದ ಮೇಲೆ ಒಂದು ಕಪ್ಪು ಗೆರೆ ಸಾಗುತ್ತದೆ, ಅದು ಕವಲೊಡೆದಲ್ಲೆಲ್ಲ ಜೀವಿಗಳಲ್ಲಿ ಹೊಸದೊಂದು ಲಕ್ಷಣ ಹುಟ್ಟಿತೆಂದು ಅರ್ಥ. ಎಂಟು ಹತ್ತು ವರ್ಷದ ಮಕ್ಕಳಿಗೆ ಈ ಗೆರೆ ಹಿಡಿದು ನಡೆಯುವುದೇ ಒಂದು ಆಟ, ದೊಡ್ಡವರು ಗೆರೆಯನ್ನು ಗಮನಿಸುವುದೇ ಇಲ್ಲ.

ಪಕ್ಕದ ಸಭಾಂಗಣದಲ್ಲಿ ಸ್ಟೆಗೋಸಾರಸ್, ಟ್ರೈಸೆರಟಾಪ್ಸ್ ಇವೆ. ಆದರೆ ನೀವು ಹುಡುಕಬೇಕಾದದ್ದು ಗಾಜಿನ ಪೆಟ್ಟಿಗೆಯೊಳಗೆ ಅಂಗಾತ ಬಿದ್ದಿರುವ ಒಂದು ಎಡ್ಮಂಟೊಸಾರಸ್ ಎಂಬ ಸಸ್ಯಾಹಾರಿ ಡೈನೋಸಾರ್. 1908ರಲ್ಲಿ ವಯೊಮಿಂಗ್‌ನಲ್ಲಿ ಪಳೆಯುಳಿಕೆ ಹುಡುಕುವ ಸ್ಟರ್ನ್‌ಬರ್ಗ್ ಕುಟುಂಬದವರಿಗೆ ಸಿಕ್ಕಿದ್ದು. ಸತ್ತ ಮೇಲೆ ಒಣಗಿ, ನಂತರ ಮರಳಿನಲ್ಲಿ ಹೂತುಹೋಗಿ, ಚರ್ಮದ ಗುರುತು ಕಲ್ಲಿನಲ್ಲಿ ಅಚ್ಚೊತ್ತಿ ಉಳಿದಿದೆ. ಬಾಗಿ ಓರೆಯಾಗಿ ನೋಡಿದರೆ ಸಣ್ಣ ಸಣ್ಣ ಹರಳಿನಂಥ ಗುಳ್ಳೆಗಳು, ಮೂಳೆಯ ಮೇಲೆ ಬಿಗಿದು ಸುಕ್ಕಾದ ಚರ್ಮ ಕಾಣುತ್ತದೆ. ಇಡೀ ಮಹಡಿಯಲ್ಲಿ ಡೈನೋಸಾರ್ ಎಂಬುದು ಒಂದು ಕಾಲಕ್ಕೆ ಉಸಿರಾಡುವ ಪ್ರಾಣಿಯಾಗಿತ್ತೆಂದು ನನಗೆ ಮನದಟ್ಟು ಮಾಡಿದ್ದು ಇದೊಂದೇ.

ಎರಡನೇ ಮಹಡಿ: ಜನ ಹಾದುಹೋಗುವ ಜಾಗ, ನೀವು ನಿಲ್ಲಬೇಕಾದ ಜಾಗ

ಹನ್ನೊಂದೂವರೆಯ ಸುಮಾರಿಗೆ ಎರಡನೇ ಮಹಡಿಗೆ ಇಳಿಯಿರಿ. ಈ ಮ್ಯೂಸಿಯಂನ ನಿಜವಾದ ಸಂಪತ್ತು ಡೈನೋಸಾರ್ ಅಲ್ಲ, ಡಯೊರಾಮಗಳು. ಗಾಜಿನ ಹಿಂದೆ ಕಾಡಿನ ಒಂದು ತುಣುಕು: ಮುಂದೆ ನಿಜವಾದ ಚರ್ಮ ಹೊದಿಸಿದ ಪ್ರಾಣಿಗಳು, ಕೈಯಿಂದ ಮಾಡಿದ ಎಲೆ ಹುಲ್ಲು, ಹಿಂದೆ ಬಾಗಿದ ಗೋಡೆಯ ಮೇಲೆ ಬರೆದ ಆಕಾಶ ಬೆಟ್ಟ. ‘ಸತ್ತ ಪ್ರಾಣಿಗಳನ್ನೇನು ನೋಡುವುದು’ ಎಂದು ಜನ ಹಾದುಹೋಗುತ್ತಾರೆ. ಹಾಗೆ ಮಾಡಬೇಡಿ.

ರೊಟುಂಡಾದಿಂದ ಒಳಗೆ ಹೋದರೆ ಆಫ್ರಿಕಾದ ಸಸ್ತನಿಗಳ ಏಕ್ಲಿ ಸಭಾಂಗಣ. 1936ರಲ್ಲಿ ತೆರೆದದ್ದು. ನಡುವೆ ಎಂಟು ಆನೆಗಳ ಹಿಂಡು, ಸುತ್ತಲೂ ಎರಡು ಅಂತಸ್ತಿನಲ್ಲಿ 28 ಡಯೊರಾಮಗಳು. ದೀಪಗಳೆಲ್ಲ ಗಾಜಿನ ಹಿಂದೆ ಇರುವುದರಿಂದ ಸಭಾಂಗಣ ಕತ್ತಲು. ಎಲ್ಲವನ್ನೂ ನೋಡಬೇಡಿ, ಗೊರಿಲ್ಲಾಗಳ ಮುಂದೆ ಹತ್ತು ನಿಮಿಷ ನಿಲ್ಲಿ. ಇದನ್ನು ರೂಪಿಸಿದ ಕಾರ್ಲ್ ಏಕ್ಲಿ 1921ರಲ್ಲಿ ಕಾಂಗೋಗೆ ಹೋದದ್ದು ಗೊರಿಲ್ಲಾಗಳನ್ನು ಕೊಂದು ತರುವುದಕ್ಕೆ; ತಂದ ಮೇಲೆ ಅವುಗಳ ರಕ್ಷಣೆಗಾಗಿ, ಆಗ ಕಾಂಗೋವನ್ನು ಆಳುತ್ತಿದ್ದ ಬೆಲ್ಜಿಯಂನ ದೊರೆಯ ಬೆನ್ನುಹತ್ತಿದ. 1925ರಲ್ಲಿ ಅಲ್ಲಿ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು; ಇಂದಿನ ವಿರುಂಗಾ ಅದೇ. ಮರುವರ್ಷ ಮತ್ತೆ ಹೋದಾಗ ಮಿಕೆನೊ ಬೆಟ್ಟದ ಮೇಲೆ ಜ್ವರದಿಂದ ಸತ್ತ, ಅಲ್ಲೇ ಹೂತರು. ಗೊರಿಲ್ಲಾ ಡಯೊರಾಮದ ಹಿನ್ನೆಲೆಯಲ್ಲಿರುವುದು ಆ ಬೆಟ್ಟಗಳ ಸೀಮೆ.

ಇಲ್ಲಿ ಮಕ್ಕಳಿಗೊಂದು ಕೆಲಸ ಕೊಡಿ: ನಿಜವಾದ ನೆಲ ಮುಗಿದು ಬರೆದ ಚಿತ್ರ ಶುರುವಾಗುವ ಜಾಗವನ್ನು ಹುಡುಕುವುದು. ಒಂದು ಬಳ್ಳಿಯೋ ಕಲ್ಲೋ ಆ ಸಂದಿಯನ್ನು ಮುಚ್ಚಿರುತ್ತದೆ. ನಾಲ್ಕೈದು ಡಯೊರಾಮ ದಾಟುವಷ್ಟರಲ್ಲಿ ಕಣ್ಣು ಪಳಗುತ್ತದೆ, ಮಕ್ಕಳು ಓಡುವುದನ್ನು ನಿಲ್ಲಿಸುತ್ತಾರೆ. ಫೋಟೋ ತೆಗೆಯುವವರು ಲೆನ್ಸನ್ನು ಗಾಜಿಗೆ ಒತ್ತಿ ಹಿಡಿಯಿರಿ, ಪ್ರತಿಬಿಂಬ ಬೀಳುವುದಿಲ್ಲ. ಟ್ರೈಪಾಡ್ ಬಿಡುವುದಿಲ್ಲ.

ಇನ್ನು ಅಪ್ಪ ಅಮ್ಮನಿಗಾಗಿ ಅದೇ ಮಹಡಿಯ ಏಷ್ಯಾದ ಸಸ್ತನಿಗಳ ಸಭಾಂಗಣ. ಆರ್ಥರ್ ವರ್ನೇ ಮತ್ತು ಕರ್ನಲ್ ಫಾಂಥೋರ್ಪ್ 1920ರ ದಶಕದಲ್ಲಿ ಭಾರತ, ಬರ್ಮಾಗಳಲ್ಲಿ ಬೇಟೆಯಾಡಿ ತಂದ ಪ್ರಾಣಿಗಳು ಇಲ್ಲಿವೆ. 1930ರಲ್ಲಿ ಸಭಾಂಗಣ ತೆರೆಯಿತು. ನಡುವೆ ನಮ್ಮ ಆನೆಗಳು. ಗೋಡೆಯುದ್ದಕ್ಕೂ ಹುಲಿ, ಚಿರತೆ, ಕಡವೆ, ಕರಡಿ, ಕಾಡುಕೋಣ. ಚಿಕ್ಕ ಜಾಗ, ಜನ ಕಡಿಮೆ, ಪ್ರವಾಸಿಗಳ ಪಟ್ಟಿಗಳಲ್ಲಿ ಇದರ ಹೆಸರು ಬರುವುದು ಅಪರೂಪ. ಆದರೆ ಮಲೆನಾಡಿನವರೋ ಕೊಡಗಿನವರೋ ಹೆಗ್ಗಡದೇವನಕೋಟೆಯ ಕಡೆಯವರೋ ಆಗಿದ್ದರೆ, ಅಷ್ಟು ಹೊತ್ತು ಸುಮ್ಮನೆ ಹಿಂದೆ ಬರುತ್ತಿದ್ದ ಹಿರಿಯರು ಇಲ್ಲಿ ಮಾತಿಗೆ ತೊಡಗುತ್ತಾರೆ. ಕಾಟಿ ಗದ್ದೆಗೆ ಇಳಿದದ್ದು, ತೋಟದ ಬೇಲಿ ದಾಟಿದ ಕಡವೆ, ಅಜ್ಜನ ಕಾಲದ ಹುಲಿ ಎಲ್ಲ ಹೊರಬರುತ್ತವೆ. ಇಲ್ಲಿಯ ಫಲಕಗಳಿಗಿಂತ ಹೆಚ್ಚು ತಿಳಿದವರು ಅವರೇ. ಮೊಮ್ಮಕ್ಕಳನ್ನು ಅವರಿಗೆ ಒಪ್ಪಿಸಿ, ನೀವು ಬೆಂಚಿನ ಮೇಲೆ ಕುಳಿತುಬಿಡಿ.

ಊಟ

ನೆಲಮಾಳಿಗೆಯಲ್ಲಿ ದೊಡ್ಡ ಊಟದ ಅಂಗಳವಿದೆ. ಸಸ್ಯಾಹಾರಿಗಳಿಗೆ ಪಿಜ್ಜಾ, ಸಲಾಡ್, ಆಲೂಗೆಡ್ಡೆ ಫ್ರೈ ಎಂಬಷ್ಟರಲ್ಲಿ ಮುಗಿಯುತ್ತದೆ, ಬೆಲೆ ಮಾತ್ರ ಮುಗಿಯುವುದಿಲ್ಲ. ಹವೆ ಚೆನ್ನಾಗಿದ್ದರೆ ಡಬ್ಬಿಯಲ್ಲಿ ಚಿತ್ರಾನ್ನ, ಮೊಸರನ್ನ ತಂದಿಟ್ಟುಕೊಂಡು, ಮ್ಯೂಸಿಯಂ ಸುತ್ತಲಿನ ಉದ್ಯಾನದ ಬೆಂಚಿನಲ್ಲೋ ರಸ್ತೆ ದಾಟಿ ಸೆಂಟ್ರಲ್ ಪಾರ್ಕಿನಲ್ಲೋ ತಿನ್ನುವುದು ಮೇಲು. ಹೊರಗೆ ಹೋಗುವ ಮುನ್ನ ಮತ್ತೆ ಒಳಬರುವ ಬಗ್ಗೆ ಬಾಗಿಲಲ್ಲಿ ಕೇಳಿಕೊಳ್ಳಿ, ಟಿಕೆಟ್ ಎಸೆಯಬೇಡಿ. ಬೇಸಿಗೆಯಲ್ಲೂ ಒಳಗೆ ಎಸಿ ಜೋರು, ಹಿರಿಯರಿಗೊಂದು ಶಾಲು ಇರಲಿ.

ಮಧ್ಯಾಹ್ನ ಒಂದನೇ ಮಹಡಿ

ಉಂಡ ಮೇಲೆ ಸೀದಾ ಸಾಗರಜೀವಿಗಳ ಮಿಲ್‌ಸ್ಟೈನ್ ಸಭಾಂಗಣಕ್ಕೆ. ಚಾವಣಿಯಿಂದ 94 ಅಡಿ ಉದ್ದದ ನೀಲಿ ತಿಮಿಂಗಿಲ ತೂಗುತ್ತಿದೆ. ಫೈಬರ್‌ಗ್ಲಾಸಿನದು, ತೂಕ 21,000 ಪೌಂಡ್. 1925ರಲ್ಲಿ ದಕ್ಷಿಣ ಅಮೆರಿಕದ ಕಡಲಲ್ಲಿ ಸಿಕ್ಕ ಹೆಣ್ಣು ತಿಮಿಂಗಿಲದ ಅಳತೆಯಲ್ಲಿ 1960ರ ದಶಕದಲ್ಲಿ ಮಾಡಿದ್ದು. 2003ರಲ್ಲಿ ದುರಸ್ತಿ ಮಾಡುವಾಗ ಒಂದು ಕೊರತೆ ತುಂಬಿದರು: ಸಸ್ತನಿಯಾದ ಮೇಲೆ ಹೊಕ್ಕುಳಿರಬೇಕಲ್ಲವೇ, ಅದನ್ನು ಸೇರಿಸಿದರು. ಕೆಳಗೆ ನೆಲದ ಮೇಲೆ ಅಂಗಾತ ಮಲಗಿ ನೋಡಿದರೆ ಕಾಣುತ್ತದೆ. ಮಲಗಲು ಸಂಕೋಚ ಬೇಡ, ಅಲ್ಲಿ ಎಲ್ಲರೂ ಮಲಗುತ್ತಾರೆ. ಊಟದ ನಂತರದ ಅರ್ಧ ಗಂಟೆಗೆ ಇದಕ್ಕಿಂತ ಒಳ್ಳೆಯ ಜಾಗ ಮ್ಯಾನ್‌ಹ್ಯಾಟನ್ನಿನಲ್ಲಿಲ್ಲ. ಮಂದ ನೀಲಿ ಬೆಳಕು, ಓಡಾಡಲು ಜಾಗ. ಏಳುವ ಮುನ್ನ ಕೆಳ ಅಂತಸ್ತಿನ ಕತ್ತಲೆ ಮೂಲೆಯಲ್ಲಿ ಸ್ಪರ್ಮ್ ತಿಮಿಂಗಿಲವೂ ದೈತ್ಯ ಸ್ಕ್ವಿಡ್ಡೂ ಸೆಣಸುವ ಡಯೊರಾಮ ನೋಡಿ. ಮೊದಲಿಗೆ ಕಪ್ಪು ಗಾಜು ಮಾತ್ರ; ಒಂದು ನಿಮಿಷ ಕಾದರೆ ಕಣ್ಣು ಹೊಂದಿಕೊಳ್ಳುತ್ತದೆ.

ಅದೇ ಮಹಡಿಯ ಉತ್ತರ ಅಮೆರಿಕದ ಕಾಡುಗಳ ವಿಭಾಗದಲ್ಲಿ ಒಂದು ದೈತ್ಯ ಸಿಕ್ವೊಯಾ ಮರದ ಅಡ್ಡಸೀಳು ನಿಂತಿದೆ. 1891ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಡಿದದ್ದು. 1,342 ವಾರ್ಷಿಕ ಉಂಗುರಗಳಿವೆ, ಅಂದರೆ ಮೊಳೆತದ್ದು ಕ್ರಿ.ಶ. 550ರ ಹೊತ್ತಿಗೆ. ಬಾದಾಮಿಯ ಬಂಡೆಯ ಮೇಲೆ ಒಂದನೇ ಪುಲಕೇಶಿ ಕೋಟೆ ಕಟ್ಟಿದ್ದನ್ನು ಹೇಳುವ ಶಾಸನ 543ರದು. ಹೆಚ್ಚು ಕಡಿಮೆ ಅದೇ ಕಾಲದ ಸಸಿ. ಉಂಗುರಗಳ ಮೇಲೆ ಯುರೋಪು, ಅಮೆರಿಕಗಳ ಘಟನೆಗಳನ್ನು ಗುರುತಿಸಿದ್ದಾರೆ; ವಿಜಯನಗರ, ಹೊಯ್ಸಳರನ್ನು ನೀವೇ ಎಣಿಸಿ ತೋರಿಸಬೇಕು.

ಅಲ್ಲಿಂದ ಮಾನವನ ಮೂಲದ ಸಭಾಂಗಣ ಹಾದು ಉಲ್ಕಾಶಿಲೆಗಳ ಕಡೆಗೆ. ನಡುವೆ ಕುಳಿತಿರುವ ಅನಿಗಿಟೊ 34 ಟನ್ ತೂಕದ ಕಬ್ಬಿಣದ ಗುಂಡು. ಆಧಾರದ ಕಂಬಗಳು ಕಟ್ಟಡದ ನೆಲ ದಾಟಿ ಕೆಳಗಿನ ಬಂಡೆಯವರೆಗೆ ಹೋಗಿವೆ. ಮುಟ್ಟಬಹುದು, ಮುಟ್ಟಿ. ಗ್ರೀನ್‌ಲ್ಯಾಂಡಿನ ಇನುಯಿಟ್ ಜನ ತಲೆಮಾರುಗಳಿಂದ ಇದರಿಂದ ಚೂರು ತೆಗೆದು ಚಾಕು ಮಾಡಿಕೊಳ್ಳುತ್ತಿದ್ದರು. ಉತ್ತರ ಧ್ರುವದ ಅನ್ವೇಷಕ ರಾಬರ್ಟ್ ಪೀರಿ 1897ರಲ್ಲಿ ಅದನ್ನು ಹಡಗಿನಲ್ಲಿ ನ್ಯೂಯಾರ್ಕಿಗೆ ತಂದ. ಜೊತೆಗೆ ಆರು ಮಂದಿ ಇನುಯಿಟರನ್ನೂ ತಂದ; ನಾಲ್ವರು ರೋಗ ತಗುಲಿ ಬೇಗನೆ ಸತ್ತರು, ಅವರ ಅಸ್ಥಿಗಳು 1993ರವರೆಗೆ ಮ್ಯೂಸಿಯಂನಲ್ಲೇ ಇದ್ದವು. ಇದನ್ನು ತಿಳಿದು ನೋಡುವುದು ಒಳ್ಳೆಯದು. ಅಮೆರಿಕದ ಮೂಲನಿವಾಸಿಗಳ ವಸ್ತುಗಳ ಬಗ್ಗೆ ಹೊಸ ನಿಯಮಗಳು ಬಂದ ಮೇಲೆ 2024ರ ಜನವರಿಯಲ್ಲಿ ಅಂಥ ಎರಡು ಸಭಾಂಗಣಗಳನ್ನು ಮುಚ್ಚಿದರು. ಹಳೆಯ ನಕಾಶೆ ಹಿಡಿದು ಅವನ್ನು ಹುಡುಕಬೇಡಿ.

ಮುಂದಿನದು ರತ್ನಗಳ ಸಭಾಂಗಣ, 2021ರಲ್ಲಿ ಹೊಸದಾಗಿ ತೆರೆದದ್ದು. ಬಾಗಿಲಲ್ಲೇ ಆಳೆತ್ತರಕ್ಕೂ ಮೀರಿದ ನೇರಳೆ ಹರಳಿನ ಗವಿಗಳು. ಅಮ್ಮಂದಿರು ಹೆಚ್ಚು ಹೊತ್ತು ನಿಲ್ಲುವುದು ‘ಸ್ಟಾರ್ ಆಫ್ ಇಂಡಿಯಾ’ ಮುಂದೆ. 563 ಕ್ಯಾರಟ್‌ನ ನೀಲ, ಮಧ್ಯೆ ಆರು ಕಿರಣದ ನಕ್ಷತ್ರ. ಹೆಸರಿನಲ್ಲಿ ಇಂಡಿಯಾ ಇದ್ದರೂ ಸಿಕ್ಕಿದ್ದು ಶ್ರೀಲಂಕಾದಲ್ಲಿ. 1964ರಲ್ಲಿ ಫ್ಲೋರಿಡಾದ ಕಡಲ ತೀರದ ಹುಡುಗರು ಕಿಟಕಿಯಿಂದ ನುಗ್ಗಿ ಇದನ್ನು ಕದ್ದರು. ಎಚ್ಚರಿಕೆ ಗಂಟೆಯ ಬ್ಯಾಟರಿ ಸತ್ತುಹೋಗಿತ್ತು. ಕೆಲವು ತಿಂಗಳಲ್ಲಿ ಮಯಾಮಿಯ ಬಸ್ ನಿಲ್ದಾಣದ ಲಾಕರಿನಲ್ಲಿ ಸಿಕ್ಕಿತು.

ಕಾಲಿನಲ್ಲಿ ಇನ್ನೂ ಕಸುವಿದ್ದರೆ

ರತ್ನಗಳ ಆಚೆಗೆ ಗಿಲ್ಡರ್ ಸೆಂಟರ್. ಜೀನ್ ಗ್ಯಾಂಗ್ ವಿನ್ಯಾಸದ ಈ ಕಟ್ಟಡ 2023ರ ಮೇ ತಿಂಗಳಲ್ಲಿ ತೆರೆಯಿತು. ಸಿಮೆಂಟನ್ನು ಸಿಂಪಡಿಸಿ ಮಾಡಿದ ಗೋಡೆಗಳು ನೀರು ಕೊರೆದ ಕಣಿವೆಯಂತಿವೆ. ಕೀಟಗಳ ವಿಭಾಗದಲ್ಲಿ ಎಲೆ ಕತ್ತರಿಸುವ ಇರುವೆಗಳು ನಿಮ್ಮ ತಲೆಯ ಮೇಲಿನ ಸೇತುವೆಯಲ್ಲಿ ಎಲೆಯ ಚೂರು ಹೊತ್ತು ಸಾಲಾಗಿ ಸಾಗುತ್ತವೆ. ಇದಕ್ಕೆ ಬೇರೆ ಟಿಕೆಟ್ ಬೇಡ. ಮಕ್ಕಳು ಚಿಕ್ಕವರಾದರೆ ದಿನವನ್ನು ಇಲ್ಲಿ ಮುಗಿಸಿ.

ದೊಡ್ಡ ಮಕ್ಕಳಿದ್ದರೆ ಬದಲಿಗೆ 81ನೇ ಬೀದಿಯ ಕಡೆಯ ರೋಸ್ ಸೆಂಟರ್, ಅಂದರೆ ಖಗೋಳದ ವಿಭಾಗ. ಗಾಜಿನ ಪೆಟ್ಟಿಗೆಯೊಳಗೆ 87 ಅಡಿ ವ್ಯಾಸದ ಗೋಳ. ಅದರ ಸುತ್ತ ನಡೆಯುತ್ತಾ ಹೋದಂತೆ ಗೋಳ ಒಮ್ಮೆ ಸೂರ್ಯ, ಒಮ್ಮೆ ಪರಮಾಣು ಎಂದುಕೊಂಡು ಉಳಿದವುಗಳ ಗಾತ್ರ ಹೋಲಿಸಿ ತೋರಿಸಿದ್ದಾರೆ. ಎರಡನ್ನೂ ಒಂದೇ ಸಂಜೆಗೆ ತುರುಕಬೇಡಿ. ಪಕ್ಷಿಗಳು, ಸರೀಸೃಪಗಳು, ನಾನಾ ಖಂಡಗಳ ಜನಜೀವನದ ಸಭಾಂಗಣಗಳು ಮುಂದಿನ ಸಲಕ್ಕಿರಲಿ.

ವಾಪಸ್

ಅಂಗಡಿಗೆ ಹೋಗುವ ಮುನ್ನ ಮಕ್ಕಳಿಗೆ ಇಷ್ಟೇ ಡಾಲರ್ ಎಂದು ಹೇಳಿಬಿಡಿ, ಒಳಗೆ ಹೋದ ಮೇಲೆ ಹೇಳಿ ಪ್ರಯೋಜನವಿಲ್ಲ. ಐದು ಗಂಟೆಗೇ ಹೊರಡುವುದು ಲೇಸು. ಐದೂವರೆಗೆ ಎಲ್ಲರೂ ಒಟ್ಟಿಗೆ ಹೊರಬೀಳುತ್ತಾರೆ, ಕೋಟು ಚೀಲ ಇಟ್ಟವರ ಸಾಲು ಉದ್ದವಾಗುತ್ತದೆ. 81ನೇ ಬೀದಿಯ ನಿಲ್ದಾಣದಲ್ಲಿ ಎರಡು ಪ್ಲಾಟ್‌ಫಾರಂಗಳು ಒಂದರ ಕೆಳಗೊಂದಿವೆ. ಮೊದಲು ಸಿಗುವುದು ಹಾರ್ಲೆಮ್ ಕಡೆಯದು. ಪೆನ್ ಸ್ಟೇಷನ್ನಿಗೆ ಹೋಗುವವರು ಇನ್ನೊಂದು ಮೆಟ್ಟಿಲು ಇಳಿಯಬೇಕು, ಸಿ ರೈಲನ್ನೇ ಹತ್ತಬೇಕು.